ಒಂದಕ್ಕೆ ಹೋಲ್ಡಾನ್, ಎರಡಕ್ಕೆ ರೈಟ್

ಎಲ್ಲಿಗಾದರೂ ಅರ್ಜೆಂಟಾಗಿ ಹೊರಟಿದ್ದರೂ ಪರವಾಗಿಲ್ಲ, ಇದೊಂದನ್ನು ಕೇಳಿಬಿಟ್ಟು ಹೋಗಿ. ಬೈಕ್ ಶೋರೂಮಿನ ಎದುರು ರಸ್ತೆಯಲ್ಲಿ ಟೆಸ್ಟ್ ರೈಡ್ ನಡೆಯುತ್ತಿತ್ತು. ಓಡಿಸುತ್ತಿದ್ದವಳು ಮಗಳು. ಹಿಂದೆ ಕೂತವನು ಟೈ ಕಟ್ಟಿದ ಸೇಲ್ಸ್‌ಮನ್. ಗೇಟಿನ ಹತ್ತಿರ ಉದ್ದ ಕೊಡೆ ಊರಿಕೊಂಡು ನೋಡುತ್ತಿದ್ದವನು ಅಪ್ಪ. "ಮೇಡಂ, ಹಳ್ಳಕ್ಕೆ ಇಳಿದಿದ್ದು ಗೊತ್ತೇ ಆಗ್ಲಿಲ್ಲ ಅಲ್ವಾ?" ಅನ್ನಲು ಹೋಗಿ ಸೇಲ್ಸ್‌ಮನ್ ಅವಳ ಹೆಲ್ಮೆಟ್ಟನ್ನು ಬೆರಳಿನಿಂದ ಒಂದು ಸಲ ತಟ್ಟಿದ. ಬೈಕು ಗಕ್ಕನೆ ನಿಂತಿತು. ಅವನ ಮೂಗು ಅವಳ ಬೆನ್ನಿಗೆ ಹೋಗಿ ಅಪ್ಪಚ್ಚಿಯಾಯಿತು. "ಏನಾಯ್ತು ಮೇಡಂ?" ಎಂದು ಗಾಬರಿಯಲ್ಲಿ ಎರಡು ಸಲ ತಟ್ಟಿದ. ಬೈಕು ಚಂಗನೆ ಹಾರಿ ಹೊರಟಿತು.

ವಾಪಸ್ ಬಂದು ಇಳಿದಾಗ ಅವನ ಟೈ ಬೆನ್ನ ಮೇಲಿತ್ತು. ಅಪ್ಪ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಬೇಜಾರು ಮಾಡ್ಕೋಬೇಡಿ ಸ್ವಾಮಿ. ನಾನು ಬಸ್ ಕಂಡಕ್ಟರ್ ಆಗಿದ್ದೋನು. ಒಂದು ಬಡಿದ್ರೆ ಹೋಲ್ಡಾನ್, ಎರಡು ಬಡಿದ್ರೆ ರೈಟ್. ಇವಳು ಸ್ಕೂಟರ್ ಕಲಿತಾಗಿಂದ ಅದನ್ನ ಮಾತ್ರ ಕೇಳೋದು. ಬಾಯಲ್ಲಿ ಹೇಳಿದ್ದು ಒಂದೂ ಕೇಳಲ್ಲ."

"ನಿನ್ ಬಾಯಿ ಮಾತು ಕೇಳ್ತಾ ಕೂತ್ರೆ ಗಾಡಿ ಮನೆ ಮುಂದಿಂದಾನೇ ಹೊರಡಲ್ಲ ಬಿಡಪ್ಪ" ಅಂದಳು ಮಗಳು.

ಅಪ್ಪ ಇಡೀ ಸರ್ವಿಸನ್ನು ಒಂದೇ ರೂಟಿನಲ್ಲಿ ಕಳೆದವನು. ಬಸ್ಸು ದಿನಾ ಕೊನೇ ಸ್ಟಾಪಿನಲ್ಲಿ ತಿರುಗಿಕೊಂಡು ವಾಪಸಾಗುತ್ತಿತ್ತು. ರಸ್ತೆ ಮಾತ್ರ ಅಲ್ಲಿಗೆ ನಿಲ್ಲದೆ ಗುಡ್ಡ ಹತ್ತಿ ಎಲ್ಲಿಗೋ ಹೋಗುತ್ತಿತ್ತು. ಎಲ್ಲಿಗೆ ಅಂತ ಅವನು ಒಮ್ಮೆಯಾದರೂ ನೋಡಬೇಕು, ಅಷ್ಟೇ ಆಸೆ. ಆದರೆ ನಿಂತೂ ನಿಂತೂ ಬೆನ್ನು ಕೆಟ್ಟಿದೆ. ಮಗಳ ಸ್ಕೂಟರಿನಲ್ಲಿ ಮಾರ್ಕೆಟ್ಟಿಗೆ ಹೋಗಿಬಂದರೂ ಸಾಕು, ಮಡಚಿಟ್ಟ ಕುರ್ಚಿ ಬಿಡಿಸುವ ಹಾಗೆ ಅವನನ್ನು ಬಿಡಿಸಿ ನಿಲ್ಲಿಸಬೇಕು. ಅದಕ್ಕೇ ಈ ಹುಡುಕಾಟ. ದಿನವಿಡೀ ಕೂತರೂ ಬೆನ್ನು ತಕರಾರು ತೆಗೆಯದ ಟೂರಿಂಗ್ ಬೈಕು ಬೇಕು.

ಈಗ ಅಪ್ಪನ ಸರದಿ. ಸೇಲ್ಸ್‌ಮನ್ ಕೂತಿದ್ದ ಬೈಕಿನಲ್ಲೇ ಒಂದು ಸುತ್ತು ಹೋಗಿಬಂದರು. ಹೊರಡುವಾಗ ಟಕ್ ಟಕ್, ನಿಲ್ಲುವಾಗ ಟಕ್, ಎಲ್ಲ ಸರಿಯಾಗಿತ್ತು. ಇಳಿದ ಅಪ್ಪ ಮಾತ್ರ ನೆಲ ನೋಡುತ್ತಾ ಬಗ್ಗಿಯೇ ನಿಂತ.

"ಫಸ್ಟ್ ಕ್ಲಾಸಾಗಿದೆ. ಇದೇ ಇರ್ಲಿ" ಅಂದ, ನೆಲಕ್ಕೇ.

"ಮೊದ್ಲು ತಲೆ ಎತ್ತಿ ಹೇಳು ನೋಡೋಣ."

ತಲೆ ಏಳಲಿಲ್ಲ. ಸೇಲ್ಸ್‌ಮನ್ ಎರಡನೇ ಬೈಕು ತಂದ. ಹಿಂದಿನ ಸೀಟು ಥೇಟ್ ಸೋಫಾ, ಒರಗಲು ದಿಂಬಿನಂಥ ಬೆನ್ನಾಸರೆ ಬೇರೆ. ಅಪ್ಪ ಕೂತ. ಮಗಳು ಗಾಡಿ ಸ್ಟಾರ್ಟ್ ಮಾಡಿ ಕಾದಳು.

"ಯಾಕೇ, ಹೊರಡಲ್ವಾ?"

"ನೀನು ರೈಟ್ ಕೊಟ್ಟಿಲ್ಲವಲ್ಲ."

"ಕೈ ಎಟುಕ್ತಿಲ್ಲ ಕಣೇ!"

ಸರಿ, ಸಿಗ್ನಲ್ ಇಲ್ಲದೆಯೇ ಹೋದರು. ಅದೇ ರಸ್ತೆ, ಅದೇ ಹಳ್ಳ. ವಾಪಸ್ ಬಂದಾಗ ಅಪ್ಪ ಯಾರ ಕೈಯನ್ನೂ ಹಿಡಿಯದೆ ಇಳಿದು ಕಂಬದ ಹಾಗೆ ನೆಟ್ಟಗೆ ನಿಂತ. ಮುಖ ಮಾತ್ರ ಜೋತುಬಿದ್ದಿತ್ತು.

"ಮಾತಾಡೋಕೆ ಹೆಲ್ಮೆಟ್ ಒಳಗೇ ಮೈಕ್ ಹಾಕಿಸಬಹುದು ಸಾರ್" ಅಂದ ಸೇಲ್ಸ್‌ಮನ್.

"ಡ್ರೈವರ್ ಜೊತೆ ಮಾತಾಡಬಾರದು ಅಂತ ಬಸ್ಸಲ್ಲಿ ಬೋರ್ಡೇ ಇರುತ್ತೆ. ನೀವು ಬಸ್ ಹತ್ತಿದೋರಲ್ವಾ?" ಅಪ್ಪ ಮಗಳ ಕಡೆ ತಿರುಗಿದ. "ನೋಡು, ಈ ಸೋಫಾದ ಮೇಲೆ ಕೂತ್ರೆ ನಾನು ಬರೀ ಪ್ಯಾಸೆಂಜರು. ಕೊನೇ ಸ್ಟಾಪಲ್ಲಿ ಪ್ಯಾಸೆಂಜರೆಲ್ಲ ಇಳ್ಕೊಂಡು ಹೋಗ್ತಾರೆ. ಆಮೇಲೆ ಗಾಡೀಲಿ ಉಳಿಯೋರು ಡ್ರೈವರು, ಕಂಡಕ್ಟರು, ಇಬ್ರೇ."

ಮಗಳು ಹೆಲ್ಮೆಟ್ ಹಾಕಿಕೊಂಡು ಮತ್ತೆ ಸೋಫಾ ಬೈಕನ್ನೇ ಹತ್ತಿದಳು. "ಬೆನ್ನಿಗೆ ಇದೇ ಸರಿ. ಹತ್ತು. ರೈಟ್ ಬರೋವರೆಗೂ ಗಾಡಿ ಹೊರಡಲ್ಲ. ರಾತ್ರಿ ಆದ್ರೂ ಇಲ್ಲೇ."

ಅಪ್ಪ ಗೊಣಗುತ್ತಾ ಹತ್ತಿದ. ಕೈ ಚಾಚಿದ. ಮುಂದಕ್ಕೆ ಬಗ್ಗಲು ನೋಡಿದ, ಬೆನ್ನು ಬಿಡಲಿಲ್ಲ. ಗಾಡಿ ಗುರುಗುಟ್ಟುತ್ತಲೇ ಇತ್ತು. ಸೇಲ್ಸ್‌ಮನ್ ಮೂಗು ಸವರಿಕೊಳ್ಳುತ್ತಾ ನಿಂತಿದ್ದ. ಆಗ ಮಗಳ ತಲೆಯ ಮೇಲೆ ಸದ್ದಾಯಿತು. ಟಣ್ ಟಣ್! ಕೊಡೆಯ ಬಾಗಿದ ಹಿಡಿ.

"ಸಾರ್, ಹೊಸ ಹೆಲ್ಮೆಟ್ ಸಾರ್, ಗೀರಾಗುತ್ತೆ!" ಅಂತ ಸೇಲ್ಸ್‌ಮನ್ ಕೂಗುವಷ್ಟರಲ್ಲಿ ಬೈಕು ಗೇಟು ದಾಟಿತ್ತು.

ಮುಂದಿನ ಭಾನುವಾರ ಆ ಬೈಕು ಕೊನೇ ಸ್ಟಾಪಿಗೆ ಬಂತು. ಟಣ್. ನಿಲ್ಲಿಸಿದಳು. ಅಪ್ಪ ಅಭ್ಯಾಸಬಲದಿಂದ "ಇಳೀರಿ ಇಳೀರಿ, ಲಾಸ್ಟ್ ಸ್ಟಾಪ್!" ಅಂತ ಕೂಗಿ, ಇಳಿಯುವವರು ಯಾರೂ ಇಲ್ಲದ್ದು ಕಂಡು ತಾನೇ ನಕ್ಕ. ಎದುರಿಗೆ ಗುಡ್ಡದ ರಸ್ತೆ. ಮತ್ತೆ ಒಂದು ಟಣ್ ಬಿತ್ತು. ಎರಡನೆಯದು ಬರಲಿಲ್ಲ. ಮಗಳು ಕನ್ನಡಿ ನೋಡಿದಳು. ಅಪ್ಪ ಸೀಟಿಗೆ ಒರಗಿದ್ದಾನೆ, ಕೊಡೆ ಗಾಳಿಯಲ್ಲೇ ನಿಂತಿದೆ, ಕಣ್ಣು ರಸ್ತೆಯ ತಿರುವಿನ ಮೇಲೆ, ಬಾಯಿ ತುಂಬ ನಗು. ಅವಳ ಕಾಲು ಗೇರಿನ ಮೇಲೆ ಚಡಪಡಿಸುತ್ತಿದೆ. ನೀವಾಗಿದ್ದರೆ ಹೊರಟುಬಿಡುತ್ತಿದ್ದಿರಾ, ಇಲ್ಲ ಆ ಇನ್ನೊಂದು ಏಟಿಗೆ ಕಾಯುತ್ತಿದ್ದಿರಾ?