ಒಂದು ಕಪ್ಪು ಗುಂಡಿ

ಇದನ್ನು ಪೂರ್ತಿ ಕೇಳಿ. ಅರ್ಧಕ್ಕೆ ಎದ್ದು ಅವಳನ್ನು ಬೈಯಬೇಡಿ. ಚೀಲದೊಳಗೆ ಕೈಯಿಟ್ಟು ಕಪ್ಪು ಗುಂಡಿ ಬಿಟ್ಟವಳು ಅವಳೇ, ನಿಜ. ಬಿಟ್ಟ ಮರುಗಳಿಗೆಯೇ ಅದನ್ನು ಹಿಂದಕ್ಕೆ ಹೆಕ್ಕೋಣವೆನಿಸಿತ್ತು. ಅಷ್ಟರಲ್ಲಿ ಚೀಲ ಪಕ್ಕದವಳ ಮಡಿಲಿಗೆ ಹೋಗಿತ್ತು.

ಹೊಲಿಗೆ ಸಂಘದಲ್ಲಿ ಎಲ್ಲರೂ ಅವಳನ್ನು ಕಾಜಾ ಎಂದೇ ಕರೆಯುತ್ತಿದ್ದರು. ಅಂಗಿಗಳಿಗೆ ಕಾಜಾ ಹೊಲಿಯುವುದು ಅವಳ ಪಾಲಿನ ಕೆಲಸ. ಸಂಘಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ಪದ್ಧತಿ ಹಳೆಯದು. ಒಬ್ಬೊಬ್ಬರ ಕೈಗೂ ಒಂದು ಬಿಳಿ ಗುಂಡಿ, ಒಂದು ಕಪ್ಪು ಗುಂಡಿ. ಬೇಕಾದರೆ ಬಿಳಿ, ಬೇಡವಾದರೆ ಕಪ್ಪು, ಮುಷ್ಟಿ ಮುಚ್ಚಿಕೊಂಡು ಚೀಲಕ್ಕೆ. ಉಳಿದದ್ದು ಗುಂಡಿಗಳ ದೊಡ್ಡ ಡಬ್ಬಕ್ಕೆ. ಒಂದೇ ಒಂದು ಕಪ್ಪು ಬಿದ್ದರೂ ಬಂದವಳಿಗೆ ಬಂದ ದಾರಿಗೆ ಸುಂಕವಿಲ್ಲ.

ಈ ಸಲ ಬಂದವಳು ರೈಲು ಹಳಿಯ ಆಚೆಯವಳು. ಆಚೆಯವರು ಬೀದಿಗೆ ಬಂದರೆ ಊರವರು ಬಾಗಿಲ ಚಿಲಕವನ್ನು ಇನ್ನೊಮ್ಮೆ ಮುಟ್ಟಿ ನೋಡುತ್ತಿದ್ದರು. ಅವರ ಕೈ ಉದ್ದ, ಮಾತು ಒರಟು, ಮೈಯೆಲ್ಲ ವಾಸನೆ. ಯಾರೂ ಕಂಡದ್ದಿಲ್ಲ, ಎಲ್ಲರಿಗೂ ಗೊತ್ತಿತ್ತು. ಊರಿನ ಯಾವ ಟೈಲರ್ ಅಂಗಡಿಯೂ ಅವಳನ್ನು ಹೊಸಿಲು ದಾಟಲು ಬಿಟ್ಟಿರಲಿಲ್ಲ. ಅವಳಿಗೆ ಉಳಿದಿದ್ದದ್ದು ಈ ಬಾಗಿಲೊಂದೇ.

ಅವಳನ್ನು ಕರೆತಂದವಳು ಯಾರು? ಕಾಜಾ! "ಹಳಿ ಇರೋದು ರೈಲಿಗೆ ಕಣ್ರೀ, ಮನುಷ್ಯರಿಗಲ್ಲ!" ಎಂದು ಊರ ಸಭೆಯಲ್ಲಿ ಭಾಷಣ ಬಿಗಿದು ಚಪ್ಪಾಳೆ ಗಿಟ್ಟಿಸಿದವಳೂ ಅವಳೇ. ಆದರೆ ಖಾಲಿಯಿದ್ದದ್ದು ಕಾಜಾಳ ಪಕ್ಕದ ಮೆಷಿನ್. ಗುಂಡಿ ಕೈಗೆ ಬಂದಾಗ ತಲೆಗೆ ಹೊಕ್ಕ ಯೋಚನೆ ಒಂದೇ: ಇನ್ನು ನನ್ನ ಪರ್ಸು ಎಲ್ಲಿಡಲಿ? ಹೇಗೂ ಇನ್ಯಾರಾದರೂ ಕಪ್ಪು ಹಾಕೇ ಹಾಕುತ್ತಾರೆ, ನನ್ನದೊಂದರಿಂದ ಆಗುವುದೇನು?

ಚೀಲ ಎಲ್ಲರ ಮಡಿಲು ಸುತ್ತಿ ಕೊನೆಗೆ ಕತ್ತರಿ ದೊಡ್ಡಮ್ಮನ ಕೈ ಸೇರಿತು. ಸಂಘಕ್ಕೆ ಹಿರಿಯರು ಅವರು. ಬಟ್ಟೆಯನ್ನೂ ಕತ್ತರಿಸುತ್ತಿದ್ದರು, ಮನುಷ್ಯರನ್ನೂ. "ಆಚೆಯವರು ಆಚೆಗಿದ್ರೇನೇ ಚೆನ್ನ" ಎನ್ನುವುದು ಅವರ ಹಳೇ ಪಲ್ಲವಿ. ತಮ್ಮ ಗುಂಡಿಯನ್ನೂ ಹಾಕಿ, ಎಂದಿನಂತೆ ಮೇಜಿನ ಮೇಲೆ ಸುರಿಯುವ ಬದಲು ಚೀಲದೊಳಗೆ ಮುಖವನ್ನೇ ತೂರಿಸಿದರು. ಕಣ್ಣಿಗೆ ಪೊರೆ ಬಂದಿತ್ತಲ್ಲ. ತುಂಬ ಹೊತ್ತು ಹಾಗೇ ಇದ್ದರು. ಆಮೇಲೆ ಚೀಲದ ಬಾಯಿ ಬಿಗಿದು ಕಟ್ಟಿದರು.

"ಎಲ್ಲಾ ಬಿಳಿ," ಎಂದರು, ಬಾಗಿಲಲ್ಲಿ ನಿಂತಿದ್ದವಳ ಕಡೆ ತಿರುಗಿ. "ನಾಳೆಯಿಂದ ಬಾರಮ್ಮ."

ಎಲ್ಲರೂ ಒಟ್ಟಿಗೇ ಚಪ್ಪಾಳೆ ತಟ್ಟಿದರು, ಒಬ್ಬರ ಮುಖ ಒಬ್ಬರು ನೋಡದೆ. ಕಾಜಾಳದು ಎಲ್ಲರದ್ದಕ್ಕಿಂತ ಜೋರು. ಅಬ್ಬಾ, ಮುದುಕಿಯ ಪೊರೆ ಕಾಪಾಡಿತು!

ಕಾಪಾಡಿದ್ದೆಲ್ಲಿ ಬಂತು. ಮಾರನೆಯ ದಿನದಿಂದ ಅವಳ ಸಂಕಟ ಶುರು. ಆಚೆಯವರ ಹೆಸರೆತ್ತಿದರೆ ಮೂಗು ಮುಚ್ಚುತ್ತಿದ್ದ ಕಾಲರ್ ಅಕ್ಕ, ತನ್ನ ಬುತ್ತಿಯಲ್ಲಿ ಅರ್ಧ ಹೊಸಬಳ ಮುಂದೆ ಸರಿಸಿದಳು. "ತಿನ್ನೇ, ನಾಚ್ಕೋಬೇಡ. ಗಾಳಿ ಬೀಸಿದ್ರೆ ಹಾರೋಗ್ತೀಯ!" ಇಸ್ತ್ರಿ ಮಾಡುವವಳು ತನ್ನ ಕುರ್ಚಿಯ ದಿಂಬನ್ನೇ ತಂದು ಅವಳ ಸ್ಟೂಲಿಗೆ ಹಾಕಿದಳು. ಇವರೆಲ್ಲ ಎಷ್ಟು ಒಳ್ಳೆಯವರು! ಕಾಜಾಗೆ ನೆಲ ಬಿರಿಯಬಾರದೇ ಎನಿಸಿತು. ಇಷ್ಟು ಜನರಲ್ಲಿ ಹುಳುಕು ತಾನೊಬ್ಬಳೇ.

ಪ್ರಾಯಶ್ಚಿತ್ತಕ್ಕೆಂದು ಅವಳೂ ಪರ್ಸಿನ ಜಿಪ್ಪು ತೆರೆದು ಮೆಷಿನ್ನಿನ ಮೇಲೇ ಇಡತೊಡಗಿದಳು. ಹೊಸಬಳು ನಕ್ಕಳು. "ಅಕ್ಕಾ, ನಿಮ್ ಪರ್ಸು ದಿನಾ ಬಾಯಿ ಬಿಟ್ಕೊಂಡೇ ಇರುತ್ತಲ್ಲ, ಅದಕ್ಕೇನು ಹಸಿವಾ?"

ಕಾಜಾ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸಿದಳು.

"ಅಮ್ಮಂಗೆ ಹೇಳ್ದೆ ಅಕ್ಕಾ, ಒಬ್ರೂ ಕಪ್ಪು ಹಾಕ್ಲಿಲ್ಲ ಅಂತ. ನಂಬ್ಲೇ ಇಲ್ಲ. ಮತ್ತೆ ಮತ್ತೆ ಹೇಳಿಸ್ಕೊಂಡು ಅತ್ಲು. ನಿಮ್ಮನ್ನ ಒಂದ್ಸಲ ನೋಡ್ಬೇಕಂತೆ."

ಕಾಜಾಳ ಸೂಜಿ ಬೆರಳಿಗೆ ಚುಚ್ಚಿತು. ಹೇಳಿದರೆ ನಿಯಮದ ಪ್ರಕಾರ ಈ ಹುಡುಗಿಯ ಸ್ಟೂಲು ಹೋಗುತ್ತದೆ. ಹೇಳದಿದ್ದರೆ ಆ ತಾಯಿಯ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು? ಮಧ್ಯಾಹ್ನ ಎಲ್ಲರೂ ಕೈ ತೊಳೆಯಲು ಹೋದಾಗ ಅವಳು ನೇರ ಕತ್ತರಿ ದೊಡ್ಡಮ್ಮನ ಮೇಜಿಗೆ ಹೋದಳು.

"ದೊಡ್ಡಮ್ಮಾ, ನಾನು ಸಂಘ ಬಿಡ್ತೀನಿ. ಲೆಕ್ಕದಿಂದ ನನ್ನ ಹೆಸರು ತೆಗೆದುಬಿಡಿ. ಅವಳನ್ನ ಮಾತ್ರ ಕಳಿಸ್ಬೇಡಿ."

"ಏನಾಯ್ತೇ ನಿಂಗೆ?"

"ಅವತ್ತು ಚೀಲದಲ್ಲಿ ಕಪ್ಪು ಗುಂಡಿ ಇತ್ತು. ನಿಮ್ಮ ಕಣ್ಣಿಗೆ ಕಾಣ್ಲಿಲ್ಲ. ಅದು ನಂದು."

ಓಡುತ್ತಿದ್ದ ಕತ್ತರಿ ಬಟ್ಟೆಯ ನಡುವೆಯೇ ನಿಂತಿತು. ದೊಡ್ಡಮ್ಮ ತಲೆಯೆತ್ತಲಿಲ್ಲ.

"ಅದ್ರಲ್ಲಿ ನಿಂದು ಯಾವ್ದು ಅಂತ ನಂಗೆ ಹೇಗೆ ಗೊತ್ತಾಗ್ಬೇಕೇ?"

ಕಾಜಾಗೆ ಅರ್ಥವಾಗಲಿಲ್ಲ. ಹೊರಗೆ ನಲ್ಲಿಯ ಹತ್ತಿರ ಕಾಲರ್ ಅಕ್ಕ ಹೊಸಬಳ ಕೈಗೆ ನೀರು ಹಾಕುತ್ತಿದ್ದಳು. ಇಸ್ತ್ರಿಯವಳು ಟವೆಲ್ ಹಿಡಿದು ಕಾದಿದ್ದಳು. ದೊಡ್ಡಮ್ಮ ಅತ್ತ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಚೀಲದಲ್ಲಿ ಒಂದೂ ಬಿಳಿ ಇರ್ಲಿಲ್ಲ ಕಣೇ, ನಂದೂ ಸೇರಿ. ನೀನಾಗಿದ್ರೆ ಏನಂತ ಹೇಳ್ತಿದ್ದೆ?"