ಟಾಲಿವರ್ ಕೂತ ಜಾಗ

ಗ್ರೇಡಿ ಟಾಲಿವರ್ ಬೀಳ್ಕೊಡುಗೆಯ ಕೇಕು ಕತ್ತರಿಸಿದ್ದು ಹೊಸ ತಂಡದ ಟೋಪಿ ಹಾಕಿಕೊಂಡೇ. ನಿಂತಿದ್ದು ಒಮಾಹ ಬೇಸ್‌ಬಾಲ್ ತಂಡದ ಕಚೇರಿಯಲ್ಲಿ, ತಿನ್ನುತ್ತಿದ್ದುದು ಒಮಾಹದವರು ತರಿಸಿದ ಕೇಕು, ತಲೆಯ ಮೇಲೆ ಮಾತ್ರ ಲೂಯಿವಿಲ್‌ನ ಹಸಿರು ಟೋಪಿ! ಅವನ ಕೈಕೆಳಗೆ ದುಡಿದ ಆರ್ವಿನ್ ಕ್ರಾಟ್ಜ್ ಬಾಯಲ್ಲಿದ್ದ ತುಂಡನ್ನು ಕಾಗದಕ್ಕೆ ಉಗುಳಿ ಕಸದ ಬುಟ್ಟಿಗೆ ಹಾಕಿದ.

ಥೂ, ನಾಚಿಕೆಗೆಟ್ಟವನು. ಹೊಸ ಹುಡುಗರನ್ನು ಹುಡುಕಿ ತರುವ ವಿಭಾಗದ ಮುಖ್ಯಸ್ಥನಾಗಿ ಹನ್ನೆರಡು ವರ್ಷ ಇಲ್ಲಿ ಉಂಡು, ಡ್ರಾಫ್ಟ್‌ಗೆ ತಿಂಗಳೂ ಇಲ್ಲದಿರುವಾಗ ಎದ್ದು ಹೊರಟಿದ್ದಾನೆ. ತಂಡಗಳೆಲ್ಲ ಪ್ರತಿ ಸುತ್ತಿನಲ್ಲೂ ಸರದಿಯ ಪ್ರಕಾರ ಒಬ್ಬೊಬ್ಬ ಹುಡುಗನನ್ನು ಆರಿಸಿಕೊಳ್ಳುವ ದಿನ ಅದು. ವರ್ಷವಿಡೀ ಊರೂರು ಅಲೆಯುವುದೆಲ್ಲ ಅದಕ್ಕಾಗಿಯೇ. ಈ ಸಲ ಒಮಾಹದ ಬೆನ್ನಿಗೇ ಲೂಯಿವಿಲ್‌ನ ಸರದಿ. ಒಮಾಹದ ಗುಟ್ಟೆಲ್ಲ ಈಗ ಆ ಹಸಿರು ಟೋಪಿಯ ಕೆಳಗಿತ್ತು.

"ಯಾಕೋ ಮುಖ ಹಿಂಗೆ ಗಂಟು ಹಾಕ್ಕೊಂಡಿದ್ದೀಯ?" ಟಾಲಿವರ್ ಬಂದು ಹೆಗಲಿಗೆ ಕೈ ಹಾಕಿದ. ತುಟಿಯಂಚಿನಲ್ಲಿ ಸೂರ್ಯಕಾಂತಿ ಬೀಜದ ಸಿಪ್ಪೆ ಅಂಟಿಕೊಂಡಿತ್ತು. "ನನ್ನ ಕುರ್ಚಿ ನಿಂಗೇ ಅಂತೆ. ಖುಷಿಪಡೋ."

"ಉಂಡ ಮನೆಗೆ ಎರಡು ಬಗೆದೋನ ಕುರ್ಚಿ. ಕೂರೋ ಮುಂಚೆ ತೊಳೀಬೇಕು," ಎಂದ ಆರ್ವಿನ್.

ಟಾಲಿವರ್ ಹೊಟ್ಟೆ ಕುಣಿಸಿ ನಕ್ಕ. "ತೊಳಿಯೋ, ಬೇಡ ಅಂದೋರ್ಯಾರು? ಆದ್ರೆ ಕೂತ ಮೇಲೆ ಆ ನಿನ್ನ ಬೀಟ್‌ರೂಟ್ ಊರಿನ ಹುಡುಗನ್ನ ಮೊದಲ್ನೇ ಸರದೀಲೇ ತಗೊಂಡುಬಿಟ್ಟೀಯ, ಜನ ಬಿದ್ದು ಬಿದ್ದು ನಗ್ತಾರೆ. ಅವನದ್ದು ಕೈಯೋ, ಸೌದೆ ತುಂಡೋ!"

ಆ ಹುಡುಗ ರೂಬೆನ್ ಒಚೋವಾ. ನೆಬ್ರಾಸ್ಕಾದ ಪಶ್ಚಿಮದ ಅಂಚಿನಲ್ಲಿ, ಬೀಟ್‌ರೂಟಿನಿಂದ ಸಕ್ಕರೆ ತೆಗೆಯುವ ಪುಟ್ಟ ಊರಿನವನು. ಯಾವ ತಂಡದವರೂ ಅಲ್ಲಿಗೆ ಕಾಲಿಡುವುದಿಲ್ಲ. ದಾರಿ ತಪ್ಪಿ ಹೋಗಿದ್ದ ಆರ್ವಿನ್, ಹುಡುಗನೊಬ್ಬ ನೆಲಕ್ಕಂಟಿ ಬಂದ ಚೆಂಡನ್ನು ಬರಿಗೈಯಲ್ಲಿ ಬಾಚಿ ಓಡುತ್ತಲೇ ಎಸೆದದ್ದು ಕಂಡು ಕಾರು ನಿಲ್ಲಿಸಿದ್ದ. ಆಮೇಲೆ ಹೋಗಿಬಂದದ್ದಕ್ಕೆ ಲೆಕ್ಕವೇ ಇಲ್ಲ. ಹುಡುಗನ ತಾಯಿ ಡೆಲಿಯಾ ಮಾಡಿಕೊಟ್ಟ ಮೆಕ್ಕೆಜೋಳದ ಕಡುಬು, ತಮಾಲೆ, ತಿಂದು, "ನಿಮ್ಮ ಮಗನ್ನ ನಾನು ಯಾರಿಗೂ ಬಿಟ್ಟುಕೊಡಲ್ಲ" ಎಂದು ಮಾತು ಕೊಟ್ಟು ಬಂದಿದ್ದ. ಜೀವಮಾನವೆಲ್ಲ ಬೇರೆಯವರು ಹುಡುಕಿದ ಹುಡುಗರಿಗೆ ಚಪ್ಪಾಳೆ ತಟ್ಟಿದವನು ಆರ್ವಿನ್. ಇವನೊಬ್ಬನನ್ನಾದರೂ ನನ್ನವನು ಎಂದು ಎದೆ ತಟ್ಟಿ ಹೇಳಬೇಕೆಂಬ ಆಸೆ ಅವನಿಗೆ. ಒಮ್ಮೆ ಟಾಲಿವರ್‌ನನ್ನೂ ಎಳೆದುಕೊಂಡು ಹೋಗಿದ್ದ. ಟಾಲಿವರ್ ಅರ್ಧ ಆಟಕ್ಕೇ ಎದ್ದು ಹೋಗಿ ಕಾರಿನಲ್ಲಿ ಕಣ್ಣು ಮುಚ್ಚಿ ಮಲಗಿಬಿಟ್ಟ. ಮತ್ತೆಂದೂ ಆ ಕಡೆ ತಲೆ ಹಾಕಲಿಲ್ಲ.

ಕುರ್ಚಿಗೆ ಬಂದ ವಾರವೇ ಆರ್ವಿನ್ ಓಕ್ಲಹೋಮಕ್ಕೆ ಹೋದ. ಅಲ್ಲಿನ ಶಾಲೆಯೊಂದರಲ್ಲಿ ಕೋಲ್ಬಿ ಸ್ಟ್ರೂಟ್ ಎಂಬ ಪಿಚರ್ ಇದ್ದ, ಎಸೆದರೆ ಸಿಡಿಲು. ಟಾಲಿವರ್ ಇದ್ದಾಗ ಒಮಾಹ ಗುಟ್ಟಾಗಿ ಕಣ್ಣಿಟ್ಟಿದ್ದ ಹುಡುಗ. ಹೋಗಿ ನೋಡಿದರೆ ಮುಂದಿನ ಸಾಲಿನ ನಟ್ಟನಡುವೆ ಹಸಿರು ಟೋಪಿ!

ಈ ಕಸುಬಿನವರಲ್ಲಿ ಆಟ ನೋಡುವವರು ಅರ್ಧ, ಯಾರು ಎಲ್ಲಿ ಕೂತಿದ್ದಾರೆಂದು ನೋಡುವವರು ಅರ್ಧ. ಮುಖ್ಯಸ್ಥನೇ ಖುದ್ದಾಗಿ ಬಂದು ಮುಂದೆ ಕೂತನೆಂದರೆ ಹುಡುಗನ ಮೇಲೆ ಮುದ್ರೆ ಒತ್ತಿದಂತೆ. ಟಾಲಿವರ್ ಎಲ್ಲರ ಕಣ್ಣೆದುರೇ ಸ್ಟ್ರೂಟ್‌ನ ಅಪ್ಪನ ಬೆನ್ನು ತಟ್ಟಿದ. ಬೀಜ ಅಗಿದು ಲೋಟಕ್ಕೆ ಉಗುಳಿದ. ಆರ್ವಿನ್‌ಗೆ ಕೈಬೀಸಿ ಪಕ್ಕದ ಜಾಗ ತೋರಿಸಿದ.

"ಬಾರೋ, ಕೂತ್ಕೋ. ಇನ್ನೂ ಆ ಬೀಟ್‌ರೂಟಿನದೇ ಜಪ ಮಾಡ್ತಿದ್ದೀಯಾ?"

"ನಮ್ಮ ತಟ್ಟೆಗೇ ಕೈ ಹಾಕ್ತಿದ್ದೀಯಲ್ಲೋ, ಮಾನ ಮರ್ಯಾದೆ ಇಲ್ವಾ?"

"ತಟ್ಟೆ ನಿಂದೇ ಕಣೋ. ಸರದೀನೂ ನಿಂದೇ ಮೊದ್ಲು. ಉಣ್ಣೋಕೆ ನಿಂಗೆ ಬರಲ್ಲ ಅಂದ್ರೆ ನಾನೇನು ಮಾಡ್ಲಿ?"

ಆರ್ವಿನ್ ಅವನ ಪಕ್ಕ ಕೂರಲಾರದೆ ಬೇಲಿಯ ಬಳಿ ನಿಂತೇ ಆಟ ನೋಡಿದ. ಮುಂದಿನ ವಾರವೂ ಅದೇ ಜಾಗ, ಅದೇ ಟೋಪಿ, ಅದೇ ಉಗುಳು.

ಡ್ರಾಫ್ಟ್ ದಿನ ತಂಡದ ಆಡಳಿತ ನೋಡಿಕೊಳ್ಳುವ ಮೋನಾ ರೀಗರ್ ಅವನ ಎದುರು ಕುರ್ಚಿ ಎಳೆದುಕೊಂಡು ಕೂತಳು. "ಇವತ್ತು ನಿಮ್ದೇ ಕೊನೇ ಮಾತು, ಆರ್ವಿನ್. ರೂಬೆನ್ ತಾನೇ?"

"ಮೊದ್ಲು ಸ್ಟ್ರೂಟ್."

"ಅಲ್ರೀ, ರೂಬೆನ್ ಅಂದ್ರೆ ಪ್ರಾಣ ಅಂತಿದ್ರಿ?"

"ಈಗ್ಲೂ ಪ್ರಾಣಾನೇ. ಅವನ್ನ ಎರಡನೇ ಸರದೀಲಿ ತಗೋತೀನಿ. ನಮ್ಮ ಕಸುಬಿನೋರಲ್ಲಿ ಅವನ್ನ ನೋಡಿರೋರು ಇಬ್ಬರೇ. ಒಬ್ಬ ನಾನು, ಇನ್ನೊಬ್ಬ ನೋಡಿ ನಕ್ಕೋನು. ಆ ಹೊಲಸು ನನ್ಮಗನ ಬಾಯಿಂದ ಸ್ಟ್ರೂಟ್‌ನ ಕಿತ್ಕೊಳ್ದೆ ಇದ್ರೆ ನಂಗೆ ನಿದ್ದೆ ಬರಲ್ಲ."

"ಸರಿಯಾಗಿ ಯೋಚ್ನೆ ಮಾಡಿದ್ದೀರಲ್ಲ?"

"ಕೂತ್ರೂ ನಿಂತ್ರೂ ಅದೇ ಯೋಚ್ನೆ."

ಡೆಲಿಯಾಗೆ ಫೋನ್ ಮಾಡಿದ. "ಮೊದಲನೇ ಸರದೀಲಿ ನಾವು ಬೇರೆಯೋನ ಹೆಸರು ಹೇಳ್ತೀವಿ. ಗಾಬರಿ ಆಗ್ಬೇಡಿ. ಸ್ವಲ್ಪ ತಾಳಿ, ನಾನಿದ್ದೀನಿ."

"ನೀವಿದ್ದೀರಲ್ಲ, ಸಾಕು ಬಿಡಿ," ಎಂದಳು ಆಕೆ. ಹಿಂದೆ ನೆಂಟರಿಷ್ಟರ ಗದ್ದಲ ಕೇಳುತ್ತಿತ್ತು.

ಟಿವಿಯಲ್ಲಿ ಒಮಾಹದ ಸರದಿ ಬಂತು. ಕೋಲ್ಬಿ ಸ್ಟ್ರೂಟ್ ಎಂದು ಕೂಗಿದರು. ಕೋಣೆಯಲ್ಲಿ ಶಿಳ್ಳೆ, ಚಪ್ಪಾಳೆ. ಆರ್ವಿನ್‌ನ ಕಣ್ಣು ಮಾತ್ರ ಪರದೆಯಲ್ಲಿ ಕಾಣುತ್ತಿದ್ದ ಲೂಯಿವಿಲ್‌ನವರ ಮೇಜಿನ ಮೇಲಿತ್ತು. ಆ ಮುಖ ಕಪ್ಪಿಡುವುದನ್ನು ಅವನು ಕಣ್ತುಂಬ ನೋಡಬೇಕಿತ್ತು.

"ನುಂಗೋ ಈಗ, ನುಂಗು!" ಎಂದು ಮೇಜು ಗುದ್ದಿದ.

ಟಾಲಿವರ್‌ನ ಮುಖ ಕಪ್ಪಿಡಲಿಲ್ಲ. ಸಿಪ್ಪೆ ಉಗುಳಿ, ಬಾಯಿ ಒರೆಸಿಕೊಂಡು, ವೇದಿಕೆಯ ಕಡೆಗೆ ನಿಧಾನವಾಗಿ ತಲೆಯಾಡಿಸಿದ. ಅಲ್ಲಿದ್ದವರು ಮುಂದಿನ ಹೆಸರು ಓದಿದರು.

"ಲೂಯಿವಿಲ್ ತಂಡದ ಆಯ್ಕೆ, ನೆಬ್ರಾಸ್ಕಾದ ರೂಬೆನ್ ಒಚೋವಾ."