ಶುಕ್ರವಾರ ಕೋಳಿ ಮುಟ್ಟದ ಭೂತ

"ಒಡಿ ಮಾರಾಯಾ ಅದನ್ನ್!" ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಇನಾಸ್ ಮಾಸ್ತರರು ಆಳಿಗೆ ಕೂಗಿದರು.

ಎಣ್ಣೆ ಜಿಡ್ಡು, ಹುಳಿತ ಸೇಂದಿ, ಇರುವೆ ಮುತ್ತಿದ ರೊಟ್ಟಿ ಚೂರು. ವಂಡ್ಸೆಯ ಹೊಳೆದಂಡೆಯ ಆ ಭೂತದ ಕಲ್ಲು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಇಂಥ ಹೊಲಸಿನ ಪಕ್ಕದಲ್ಲಿ ಪಾದ್ರಿ ಸಾಲ್ವದೋರರ ಸ್ಮಾರಕವೇ?

ಹಿಂದೆ ಸುಲ್ತಾನನ ಸಿಪಾಯಿಗಳು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಘಟ್ಟ ಹತ್ತಿಸಿದ ಕಾಲದಲ್ಲಿ ಬೆಸ್ತರ ವೇಷ ಹಾಕಿ, ಮನೆಮನೆಗೆ ನುಸುಳಿ, ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟವರು ಆ ಪಾದ್ರಿ. ಧರ್ಮ ಬಿಡು ಎಂದರೂ ಬಿಡಲಿಲ್ಲ. ಸಿಪಾಯಿಗಳು ಇದೇ ದಂಡೆಯಲ್ಲಿ ಕಡಿದರೆಂದು ಹಳೆಯ ಕಾಗದವೊಂದು ಹೇಳುತ್ತಿತ್ತು. ಹೆಣ ಏನಾಯಿತೋ ಯಾರಿಗೂ ಗೊತ್ತಿರಲಿಲ್ಲ. "ಒಂದು ಮೂಳೆ ಸಿಕ್ಕಿದರೂ ಸಾಕು, ಸಂತ ಪದವಿಗಾಗಿ ರೋಮಿಗೆ ಬರೆಯುತ್ತೇನೆ," ಎಂದಿದ್ದರು ಬಿಷಪರು. ಮಾಸ್ತರರು ಹನ್ನೊಂದು ವರ್ಷ ಕಂಡ ಕಂಡ ಇಗರ್ಜಿಯ ನೆಲ ಅಗೆಸಿದರು. ಏನೂ ಸಿಗಲಿಲ್ಲ. ಕೊನೆಗೆ ೧೯೬೧ರಲ್ಲಿ, ಸ್ಮಾರಕವಾದರೂ ಆಗಲಿ ಎಂದು ಈ ಜಾಗ ಬರೆಸಿಕೊಂಡರು.

ಬರೆದುಕೊಟ್ಟ ರಾಜೀವ ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಅವನ ಮುದಿ ತಾಯಿ ಅಮ್ಮಣ್ಣಿ ಮನೆಯಿಂದ ಓಡಿ ಬಂದಳು.

"ಹ್ವಾಯ್ ಮಾಸ್ಟ್ರೆ, ಮುಟ್ಬೇಡಿ! ನಮ್ಮ್ ಅಜ್ಜಯ್ಯ ಪಾಪದ್ ಭೂತ, ಯಾರಿಗೂ ಎಂತದೂ ಮಾಡುದಿಲ್ಲ. ಶುಕ್ರವಾರ ಕೋಳಿ ಸಾ ಆಪುದಿಲ್ಲ ಅದ್ಕೆ. ಮೀನಾರೆ ಆತ್ತ್."

"ಭೂತಕ್ಕೂ ಪಥ್ಯವಾ? ಥೂ!"

ಆಳು ಕುಷ್ಟ ಸುತ್ತಿಗೆ ಬೀಸಿದ. ಕಲ್ಲು ಎರಡು ಹೋಳಾಯಿತು. ಅಡಿಯಲ್ಲಿ ಬಾಯಿಗೆ ಅರಗು ಮೆತ್ತಿದ ಭರಣಿಯೊಂದಿತ್ತು.

"ಮಾಟದ್ ಸಾಮಾನ್. ಬಿಚ್ಚ್ಬೇಡ, ಹೊಳಿಗ್ ಎಸಿ," ಎಂದರು ಮಾಸ್ತರರು.

ಮಳೆ ಹಿಡಿದು ಹೊಳೆ ಕೆಂಪಾಗಿ ಓಡುತ್ತಿತ್ತು. ಕುಷ್ಟ ಎಸೆದ ಭರಣಿ ಬಂಡೆಗೆ ಬಡಿದು ಒಡೆಯಿತು. ಒಳಗಿದ್ದದ್ದನ್ನೆಲ್ಲ ಸೆಳವು ಎಳೆದುಕೊಂಡು ಹೋಯಿತು. ಮಾಸ್ತರರು ಏನನ್ನೂ ಮುಟ್ಟಿರಲಿಲ್ಲ. ಆದರೂ ಸಾಬೂನು ಹಾಕಿ ಮೂರು ಸಲ ಕೈ ತೊಳೆದರು.

ಆಮೇಲೆ ಗೇರುಮರದಡಿ ಕೂತು ಬುತ್ತಿ ಬಿಚ್ಚಿದರು. ಕ್ರೈಸ್ತರಿಗೆ ಮಾಂಸ ವರ್ಜ್ಯವಾದ ಶುಕ್ರವಾರವಾದ್ದರಿಂದ ಬಂಗುಡೆ ಮೀನಿನ ಸಾರು. ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿ ಕಣ್ಣು ಬಿಟ್ಟರೆ, ಅಳುತ್ತ ನಿಂತಿದ್ದ ಅಮ್ಮಣ್ಣಿ ಅಳು ನಿಲ್ಲಿಸಿ ಅವರನ್ನೇ ನೋಡುತ್ತಿದ್ದಳು.

"ಮಾಸ್ಟ್ರೆ, ಈಗ ಎಂತ ಮಾಡ್ದ್ರಿ? ಹಣಿ, ಎದಿ, ಎರ್ಡೂ ಭುಜ ಮುಟ್ಕಂಡ್ರಲೆ?"

"ಉಂಬುಕ್ ಮುಂಚೆ ನಮ್ಮವ್ರೆಲ್ಲ ಹಾಂಗೇ ಮಾಡುದ್. ನಿಮ್ಗೆಂತಕೆ ಅದೆಲ್ಲ?"

"ನಮ್ಮ್ ಅಜ್ಜಯ್ಯನೂ ಹಾಂಗೇ ಮಾಡ್ತಿದ್ರಂಬ್ರ್," ಎಂದಳು ಅಮ್ಮಣ್ಣಿ. "ನಮ್ಮನಿ ಅಟ್ಟದಗೇ ಅಡ್ಗಿದ್ರಂಬ್ರ್. ಸಿಪಾಯ್ರ್ ಕಡ್ದ್ ಹಾಕಿದ್ಮೇಲೆ ನಮ್ಮ್ ಹಿರೀರ್ ಹೆಕ್ಕಿ ತಂದ ಅವ್ರ್ ಮೂಳೆ ಮಾಸ್ಟ್ರೆ, ಆ ಭರಣಿ ಒಳ್ಗ್ ಇದ್ದದ್ದ್."